ಅಮ್ಮನ ಕೋಣೆಯ ಹೆಪ್ಪು

ದಾವಣಗೆರೆ
ಫೆಬ್ರವರಿ 30, 2268

ಮಾನ್ಯ ಲೇಖಕಿಯವರಿಗೆ,

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಸೇರಿಸಿದ್ದೇವೆ, ಅವಕ್ಕೆ ಹೆಸರಿಡಲು ಯಾರಿಗೂ ಪುರಸೊತ್ತಾಗಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಇಲ್ಲಿನ ಅಂಚೆ ಕಚೇರಿಯಲ್ಲಿ ಹಿಂದಿನ ಕಾಲಕ್ಕೆ ಹೋಗುವ ಚೀಲವೊಂದನ್ನು ವರ್ಷಕ್ಕೊಮ್ಮೆ ಕಟ್ಟುತ್ತಾರೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಪತ್ರ, ಉತ್ತರ ಬರುವುದಿಲ್ಲ. ನನ್ನ ಪಾಲಿನದು ನಿಮಗೆ.

ನಾನು ಸರ್ವಮಂಗಳೆ. ನಲವತ್ತೆಂಟು ವರ್ಷ. ನಿಮ್ಮ ಹಾಗೆಯೇ ಇಲ್ಲದ ಲೋಕಗಳ ಕಾದಂಬರಿ ಬರೆಯುವವಳು. ನಿಮ್ಮ ಕಾದಂಬರಿಗಳಲ್ಲಿ ಒಂದೂ ನಮ್ಮವರೆಗೆ ಬಂದಿಲ್ಲ ಎಂದು ಹೇಳಲು ಸಂಕೋಚವಾಗುತ್ತದೆ. ಉಳಿದಿರುವುದು ನೀವು ಓದುಗರಿಗಾಗಿ ದಿನವೂ ಹಾಕುತ್ತಿದ್ದ ಸಣ್ಣ ಟಿಪ್ಪಣಿಗಳು ಮಾತ್ರ. ಹೆಸರುಕಾಳು ನೆನೆಹಾಕಲು ಮರೆತದ್ದು. ಕರಡಿನ ಹಾಳೆಯ ಮೇಲೆ ಮಜ್ಜಿಗೆ ಚೆಲ್ಲಿದ್ದು. ಎರಡನೆಯ ಸಂಪುಟದ ಮುಖಪುಟದಲ್ಲಿ ರೆಕ್ಕೆಯ ಕುದುರೆಗೆ ಮೂರೇ ಕಾಲು ಬಿಡಿಸಿದ್ದು, ನೀವು ಕೇಳಿದಾಗ ಪ್ರಕಾಶಕರು “ನಾಲ್ಕನೇದು ಹಿಂದ್ಗಡೆ ಇದೆ ಮೇಡಂ” ಎಂದದ್ದು. ಎಂ.ಎ. ಓದುವಾಗ ಇವೆಲ್ಲ ನಮಗೆ ಪಠ್ಯ. ಆಗ ತರಗತಿಯಲ್ಲಿ ನಗುತ್ತಿದ್ದೆ. ಈಗ ಅವೇ ಪುಟಗಳನ್ನು ತೆಗೆದವಳೇ ಮುಚ್ಚಿಬಿಡುತ್ತೇನೆ. ತಪ್ಪು ಪುಟಗಳದ್ದಲ್ಲ. ಅಲ್ಲಿಂದ ನಾವು ಎಲ್ಲಿಗೆ ಬಂದೆವು ಎಂಬುದನ್ನು ಹೇಳುತ್ತೇನೆ.

ನಮ್ಮಲ್ಲಿ ಕಾಗದವಿಲ್ಲ. ಪುಸ್ತಕವನ್ನು ಬೆಳೆಸುತ್ತೇವೆ. ಅಗಲವಾದ ತಟ್ಟೆಯಲ್ಲಿ ಗಂಜಿ ಹರಡಿ, ಹಾಲಿಗೆ ಹಾಕುವ ಹಾಗೆ ಹೆಪ್ಪು ಹಾಕಿ ಬೆಚ್ಚಗಿನ ಕೋಣೆಯಲ್ಲಿಟ್ಟರೆ, ಒಂಬತ್ತು ದಿನಕ್ಕೆ ಮೇಲೆ ಬಿಳಿಯ ಬೂಷ್ಟು ದಪ್ಪಗೆ ಕಟ್ಟುತ್ತದೆ. ಅದನ್ನು ದೋಸೆಯಂತೆ ಎಬ್ಬಿಸಿ ಒಣಗಿಸಿದರೆ ಪುಟ. ಅಕ್ಷರಗಳೂ ಬೂಷ್ಟೇ, ಕಪ್ಪು ಜಾತಿಯದು. ಈ ಬೂಷ್ಟು ಬೆಳೆಯುವಾಗ ಸುತ್ತಲಿನ ಗಾಳಿಯನ್ನೆಲ್ಲ, ಅದರ ವಾಸನೆಯನ್ನೆಲ್ಲ ಕುಡಿಯುತ್ತದೆ. ಆದ್ದರಿಂದ ಮೊದಲ ಪ್ರತಿಯನ್ನು ಲೇಖಕರ ಮನೆಯಲ್ಲೇ ಬೆಳೆಸಬೇಕೆಂಬುದು ಪದ್ಧತಿ. ಅದಕ್ಕೆ ತಾಯಿಪ್ರತಿ ಎನ್ನುತ್ತಾರೆ. ಪ್ರಕಾಶಕರು ತಾಯಿಪ್ರತಿಯಿಂದ ಹೆಪ್ಪು ತೆಗೆದುಕೊಂಡು ಹೋಗಿ ಉಳಿದ ಸಾವಿರಾರು ಪ್ರತಿಗಳನ್ನು ತಮ್ಮ ಕೊಟ್ಟಿಗೆಗಳಲ್ಲಿ ಬೆಳೆಸುತ್ತಾರೆ. ಓದುಗರು ಪುಸ್ತಕ ತೆರೆದವರೇ ಮೂಗಿಟ್ಟು ಎಳೆದುಕೊಳ್ಳುತ್ತಾರೆ. ಮೂಲೆ ನೆಕ್ಕುವವರೂ ಇದ್ದಾರೆ. ಬಸ್ಸಿನಲ್ಲಿ ಪಕ್ಕದವರು ನನ್ನ ಮೂರನೆಯ ಅಧ್ಯಾಯವನ್ನು ನೆಕ್ಕುವುದನ್ನು ಕಣ್ಣಾರೆ ಕಂಡು ಎರಡು ನಿಲ್ದಾಣ ಮೊದಲೇ ಇಳಿದಿದ್ದೇನೆ. ಆ ವಾಸನೆ ಒಂದು ವರ್ಷ ನಿಲ್ಲುತ್ತದೆ, ಆಮೇಲೆ ಪುಟ ಬರೀ ಪುಟ. ಆಗ ಅದನ್ನು ರದ್ದಿಗೆ ಹಾಕಿ ಹೊಸದನ್ನು ಹುಡುಕುತ್ತಾರೆ.

ಇಂಥ ಮನೆಯಲ್ಲಿ ಬದುಕುವುದು ಹೇಗಿರುತ್ತದೆ ಎಂದು ನೀವು ಊಹಿಸಲಾರಿರಿ. ಮಂಚದಡಿ ತಟ್ಟೆ, ಬೀರುವಿನ ಮೇಲೆ ತಟ್ಟೆ, ಬಚ್ಚಲಿನ ಅಟ್ಟದ ಮೇಲೆ ತಟ್ಟೆ. ಅಂಚಿನಿಂದ ಹಳದಿ ನೀರು ಸೋರುತ್ತದೆ, ಇರುವೆ ಬರುತ್ತದೆ. ಒಮ್ಮೊಮ್ಮೆ ಒಂದು ತಟ್ಟೆ ಕೆಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಒಸಡಿನಂತೆ ಹೊಳೆಯುತ್ತದೆ. ಪಟ್ಟಾಭಿಷೇಕದ ಅಧ್ಯಾಯ ಬೆಳೆಯುವ ವಾರ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕುವಂತಿಲ್ಲ. ನನ್ನ ಗಂಡ ಹಾಲೇಶ ನೀರು ಸರಬರಾಜು ಕಚೇರಿಯಲ್ಲಿದ್ದಾರೆ, ಅಲ್ಲಿ ಅವರ ಪಕ್ಕದ ಕುರ್ಚಿ ಸದಾ ಖಾಲಿ. “ನಿನ್ನ ರಾಜಕುಮಾರ ನನ್ನ ಬನಿಯನ್ನಾಗ ಬೆಳ್ಯಾಕತ್ಯಾನ ನೋಡು, ಇನ್ನೊಂದ್ ವಾರಕ್ಕ ಮೀಸೆ ಬರ್ತಾವು” ಎನ್ನುತ್ತಿದ್ದರು. ಅವರು ಹೀಗೆ ನಗಿಸದಿದ್ದರೆ ನಾನು ಮೊದಲ ಪುಸ್ತಕವನ್ನೇ ಮುಗಿಸುತ್ತಿರಲಿಲ್ಲ.

ಆ ಪುಸ್ತಕ ಬೆಳೆಯುವಾಗ ನನ್ನ ತಾಯಿ ಕೊಟ್ರಮ್ಮ ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಕೋಣೆ ಅವರದು. ಕೊನೆಯ ಮೂರು ಅಧ್ಯಾಯಗಳ ತಟ್ಟೆಗಳನ್ನು ಅಲ್ಲಿಡುತ್ತೇನೆ ಎಂದಾಗ ಅವರು, “ನನ್ನ ಕೋಣ್ಯಾಗ ಬ್ಯಾಡವ್ವ. ನಾನು ನಾರ್ತೀನಿ ಅಂತ ಊರಿಗೆಲ್ಲ ಯಾಕ ಗೊತ್ತಾಗ್ಬೇಕು?” ಎಂದರು. ಒಂಬತ್ತೇ ದಿನ ಅಮ್ಮ, ಎಂದೆ. ಇಟ್ಟದ್ದು ಎರಡು ತಿಂಗಳು. ಅವರು ಮತ್ತೆ ಆ ಮಾತು ಎತ್ತಲಿಲ್ಲ, ತಟ್ಟೆಗಳ ಕಡೆ ಬೆನ್ನು ಮಾಡಿ ಮಲಗುತ್ತಿದ್ದರು. ಪುಸ್ತಕ ಹೊರಬರುವ ಮೂರು ವಾರ ಮೊದಲು ತೀರಿಕೊಂಡರು.

ಕೊನೆಯ ಅಧ್ಯಾಯಗಳಲ್ಲಿ ಒಬ್ಬ ರಾಣಿ ಸಾಯುತ್ತಾಳೆ. ಓದುಗರು ಮುಗಿಬಿದ್ದರು. ಅವರು ಎಳೆದುಕೊಳ್ಳುತ್ತಿದ್ದುದು ಅಮ್ಮನ ಬೆನ್ನಿನ ಹುಣ್ಣಿಗೆ ಹಚ್ಚುವ ಮುಲಾಮು, ಉಚ್ಚೆಬಟ್ಟೆ, ಮೂರು ದಿನಕ್ಕೊಮ್ಮೆ ತೊಳೆದ ಕೂದಲು. ಸಭೆಯೊಂದರಲ್ಲಿ ಹಿರಿಯರೊಬ್ಬರು ಪುಸ್ತಕಕ್ಕೆ ಮುಖವನ್ನೇ ಒತ್ತಿಕೊಂಡು, “ಏನ್ ಆಳ ಐತ್ರೀ ಮೇಡಂ ಇದರಾಗ” ಎಂದು ಕಣ್ಣೊರೆಸಿಕೊಂಡರು. ಅವರ ಮೇಲೆ ನನಗೆ ಬಂದ ಹೇಸಿಗೆ ದೊಡ್ಡದಲ್ಲ. ನಾನು ಕೈಮುಗಿದು ಧನ್ಯವಾದ ಹೇಳಿದೆನಲ್ಲ, ಆಗ ನನ್ನ ಮೇಲೆ ಬಂದ ಹೇಸಿಗೆ ಇವತ್ತಿಗೂ ಹೋಗಿಲ್ಲ.

ಈಗ ನನ್ನ ಪ್ರಕಟಣೆಯ ಸುದ್ದಿ. ಎಂಟು ವರ್ಷ ಬರೆದ ಎರಡನೆಯ ಕಾದಂಬರಿಯ ತಾಯಿಪ್ರತಿ ಈ ತಿಂಗಳು ಸಿದ್ಧವಾಯಿತು. ನೆರಳು ಮಾರುವ ಹೆಂಗಸೊಬ್ಬಳ ಕಥೆ, ನಾನು ಬರೆದುದರಲ್ಲಿ ಒಳ್ಳೆಯದು. ಸೋಮವಾರ ಪ್ರಕಾಶನದ ಮೂಸುಗಾರ ಚಂದ್ರಮೌಳಿ ಬಂದರು. ನಿಮ್ಮಲ್ಲಿ ಸಂಪಾದಕರು ಇದ್ದಂತೆ ನಮ್ಮಲ್ಲಿ ಮೂಸುಗಾರರು. ಓದುವುದು ಕಡಿಮೆ. ಹತ್ತು ಪುಟ ಮೂಸಿ, “ಸ್ವಚ್ಛವಾಗಿದೆ ಮೇಡಂ. ಸೋಪು, ಸುಣ್ಣ. ಆದರೆ ಇದರಲ್ಲಿ ಯಾರೂ ಇಲ್ಲ” ಎಂದರು. ಅಮ್ಮ ಹೋದಮೇಲೆ ನಾವು ಆ ಕೋಣೆಗೆ ಸುಣ್ಣ ಹೊಡೆಸಿ, ನೆಲವನ್ನು ಅಂಟುವಾಳದಲ್ಲಿ ತಿಕ್ಕಿ, ಹಾಸಿಗೆ ಸುಟ್ಟು, ಸೀರೆಗಳನ್ನು ಹಂಚಿದ್ದೆವು. ಈ ಸಲ ತಟ್ಟೆಗಳನ್ನೆಲ್ಲ ಇಟ್ಟದ್ದು ಅಲ್ಲೇ. ನಿಜವೇ, ಯಾರೂ ಇರಲಿಲ್ಲ.

ಆಗ ಅವರು ಚೀಲದಿಂದ ಒಂದು ಜಾಡಿ ತೆಗೆದರು. ಮೊದಲ ಪುಸ್ತಕದ ಕೊನೆಯ ಅಧ್ಯಾಯದ ಹೆಪ್ಪನ್ನು, ವಾರಕ್ಕೊಮ್ಮೆ ಗಂಜಿ ಉಣಿಸಿ, ಇಷ್ಟು ವರ್ಷ ಸಾಕಿಕೊಂಡಿದ್ದರಂತೆ. ಪುಟದ ಹಾಗಲ್ಲ, ಜೀವಂತ ಹೆಪ್ಪಿನಲ್ಲಿ ವಾಸನೆ ಮಾಸುವುದಿಲ್ಲ. ಹೊಸ ಕಾದಂಬರಿಯನ್ನು ಅದರಲ್ಲೇ ಬೆಳೆಸೋಣ, ಎಂದರು. “ಅಮ್ಮನವರದ್ದು ಓದುಗರಿಗೆ ಅಭ್ಯಾಸ ಆಗಿಬಿಟ್ಟಿದೆ. ಇದೊಂದೇ ಜಾಡಿ ಇರೋದು. ಗುರುವಾರ ಬರ್ತೀನಿ, ಒಂದು ಸಹಿ ಹಾಕಿ. ಇಲ್ಲಾಂದ್ರೆ ಈ ಪುಸ್ತಕ ಕಷ್ಟ.” ನಾನು ಮೂಸಿ ನೋಡಲೆಂದು ಜಾಡಿಯನ್ನು ಅಡುಗೆಕಟ್ಟೆಯ ಮೇಲೆ, ಹುಣಸೆಹಣ್ಣಿನ ಡಬ್ಬಿಯ ಪಕ್ಕ ಇಟ್ಟು ಹೋದರು.

ಮರುದಿನ ಬೆಳಗ್ಗೆ ಮುಚ್ಚಳ ತೆಗೆದೆ. ಮುಲಾಮು, ಉಚ್ಚೆ, ಕೀವು. ಸಿಂಕಿನಲ್ಲಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಮತ್ತೆ ತೆಗೆದೆ. ಅದರ ಅಡಿಯಲ್ಲೆಲ್ಲೋ ಅಮ್ಮ ಇದ್ದರು. ಚಿಕ್ಕಂದಿನಲ್ಲಿ ನಾನು ಮುಖ ಹುದುಗಿಸಿ ಮಲಗುತ್ತಿದ್ದ ಕಂಕುಳು, ಕೊಬ್ಬರಿ ಎಣ್ಣೆ, ಎಲೆಯಡಿಕೆ. ಮನೆಯಲ್ಲಿ ಎಲ್ಲೂ ಇಲ್ಲದ ಅಮ್ಮ. ಮೂರನೆಯ ಸಲ ತೆಗೆದೆ, ನಾಲ್ಕನೆಯ ಸಲ. ಬಸ್ಸಿನವರ ಹಾಗೆಯೇ ಮೂಗು ಒಳಗಿಟ್ಟಿದ್ದೆ. ಊಟಕ್ಕೆ ಬಂದ ಹಾಲೇಶ ಬಾಗಿಲಲ್ಲೇ ನಿಂತು, “ಅತ್ತಿಯಾರು ಬಂದಂಗಾತಲ್ಲ” ಎಂದರು. ಒಳಗೆ ಬಂದು, “ಮುಚ್ಚು ಅದನ್ನ” ಎಂದರು. ಮುಚ್ಚಿದ ಮೇಲೂ ಇಬ್ಬರೂ ಅಲ್ಲೇ ನಿಂತಿದ್ದೆವು.

ಬುಧವಾರವೆಲ್ಲ ಆ ಜಾಡಿಯನ್ನು ಹಾಗೆಯೇ ಇಟ್ಟುಕೊಳ್ಳುವ ಉಪಾಯ ಹುಡುಕಿದೆ. ಆದರೆ ಅದು ಪ್ರಕಾಶನದ ಸ್ವತ್ತು, ಗುರುವಾರ ಹೋಗಲೇಬೇಕು. ಸಹಿ ಹಾಕಿದರೂ ಹಾಕದಿದ್ದರೂ ಜೀವಂತವಾಗಿ ಹೋದರೆ ಒಂದಲ್ಲ ಒಂದು ಪುಸ್ತಕಕ್ಕೆ ಬೀಳುತ್ತದೆ. ಗುರುವಾರ ಬೆಳಗ್ಗೆ ನೀರು ಕಾಯಿಸಿ ಜಾಡಿಗೆ ಸುರಿದೆ. ಮೇಲಿನ ಪದರ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ತಳಕ್ಕಿಳಿಯಿತು. ಹಬೆಯಲ್ಲಿ ಒಂದು ಕ್ಷಣ ಆ ವಾಸನೆ ಇತ್ತು. ಆಮೇಲೆ ಬರೀ ಬೆಂದ ಗಂಜಿ.

ಚಂದ್ರಮೌಳಿ ಜಾಡಿ ನೋಡಿ, “ಇಷ್ಟು ವರ್ಷ ನಾವು ಸಾಕಿದ್ದು ಮೇಡಂ, ನೀವಲ್ಲ” ಎಂದರು. ತಾಯಿಪ್ರತಿಯನ್ನು ಮೇಜಿನ ಮೇಲೇ ಬಿಟ್ಟು ಹೋದರು. ನೆರಳು ಮಾರುವವಳ ಕಥೆ ಪ್ರಕಟವಾಗುವುದಿಲ್ಲ.

ಈ ಪತ್ರ ನಿಮಗೆ ಜುಲೈ ಮೊದಲ ವಾರ ತಲುಪಬೇಕು. ಒಂಬತ್ತನೆಯ ತಾರೀಖು ನೀವು ಜ್ವರದಲ್ಲಿರುವ ನಿಮ್ಮ ತಾಯಿಯ ಪಕ್ಕ ಕುಳಿತು ಕರಡು ತಿದ್ದುತ್ತೀರಿ, ಆ ಕೋಣೆಯ ವಾಸನೆಯ ಬಗ್ಗೆ ಆರು ಸಾಲು ಬರೆದು ಎಲ್ಲರಿಗೂ ಕಾಣುವಂತೆ ಹಾಕುತ್ತೀರಿ. ಒಳ್ಳೆಯ ಸಾಲುಗಳು. ನಿಮ್ಮ ಯಾವ ಕಾದಂಬರಿಗೂ ಬರದಷ್ಟು ಮೆಚ್ಚುಗೆ ಅವಕ್ಕೆ ಬರುತ್ತದೆ, ಮರುದಿನ ನೀವು ಇನ್ನಷ್ಟು ಬರೆಯುತ್ತೀರಿ. ನಮ್ಮ ಪ್ರಕಾಶಕರು ತಾಯಿಪ್ರತಿಯ ಪದ್ಧತಿಗೆ ಆಧಾರವಾಗಿ ಇಂದಿಗೂ ಆ ಆರು ಸಾಲನ್ನೇ ತೋರಿಸುತ್ತಾರೆ.

ಬರೆಯಬೇಡಿ ಎನ್ನುವ ಅಧಿಕಾರ ನನಗಿಲ್ಲ. ಒಂದು ಕೋರಿಕೆ ಮಾತ್ರ. ಹಾಕುವ ಮೊದಲು ಆ ಸಾಲುಗಳನ್ನು ನಿಮ್ಮ ತಾಯಿಗೆ ಗಟ್ಟಿಯಾಗಿ ಓದಿ ಹೇಳಿ, ಹಾಕಲೇ ಎಂದು ಕೇಳಿ. ಬೇಡ ಎಂದರೆ ಒಂಬತ್ತೇ ದಿನ ಎಂದು ಪುಸಲಾಯಿಸಬೇಡಿ. ಜ್ವರವಿದ್ದರೂ ಅವರಿಗೆ ಮಾತು ತಿಳಿಯುತ್ತದೆ. ಕೇಳಿದರೆ ಅವರು ಉತ್ತರ ಹೇಳುತ್ತಾರೆ.

ನಮಸ್ಕಾರಗಳೊಂದಿಗೆ,
ಸರ್ವಮಂಗಳೆ