ಹೊಸ ರಾಳದ ವಾಸನೆ

ಶನಿವಾರ, ಮಾರ್ಚ್ ೧೪
ಮ್ಯೂಸಿಯಂನ ಕೆಲಸದ ಕೋಣೆ

ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಶುರುಮಾಡಲು ಕೈ ಬರುತ್ತಿಲ್ಲ. ಮನೆಯವರೇನೋ ಕ್ಷೇಮ, ನಾನು ಮಾತ್ರ ನಿನ್ನೆಯಿಂದ ಉರಿಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಾನು ದನಿ ಏರಿಸಿದ ಕೂಡಲೇ ನೀನು ಬಾಗಿಲಿಗೆ ಯಾರೋ ಬಂದರು ಎಂದು ಇಟ್ಟುಬಿಡುತ್ತೀಯ. ನಿನ್ನ ಬಾಗಿಲಿಗೆ ಅಷ್ಟೊಂದು ಜನ ಬರುವುದಿಲ್ಲ ಎಂದು ನನಗೂ ಗೊತ್ತು. ಕಾಗದವಾದರೆ ಓದಿ ಮುಗಿಸದೆ ಬಿಡುವವಳಲ್ಲ ನೀನು.

ನೇರವಾಗಿ ಕೇಳುತ್ತೇನೆ. ನಮ್ಮ ಮ್ಯೂಸಿಯಂ ಅಂಗಳದ ಮರ ಸತ್ತಿದೆ ಎಂದು ನಿನ್ನೆ ಸುಳ್ಳು ಏಕೆ ಹೇಳಿದೆ?

ಈ ವರ್ಷ ಅದು ಎಲೆ ಉದುರಿಸಿ ಬೋಳಾಗಿ ನಿಂತು ಮಾಮೂಲಿಗಿಂತ ಹೆಚ್ಚು ದಿನವಾಯಿತು, ಒಪ್ಪುತ್ತೇನೆ. ಅದಕ್ಕೇ ನಿರ್ದೇಶಕರಿಗೆ ಅನುಮಾನ ಬಂತು. ಜೀವ ಇದ್ದರೆ ಅಲ್ಲಿ ಕಟ್ಟಲಿರುವ ಹೊಸ ಕಟ್ಟಡವನ್ನೇ ಸ್ವಲ್ಪ ಸರಿಸೋಣ, ಇಲ್ಲದಿದ್ದರೆ ಕಡಿಸೋಣ, ನಿಮ್ಮ ತಾಯಿಯವರು ಬಂದು ನೋಡಿ ಹೇಳಲಿ ಎಂದರು. ನನಗೆ ಎಷ್ಟು ನೆಮ್ಮದಿಯಾಯಿತು ಗೊತ್ತೇ? ಮರ ಬಚಾವಾಯಿತು ಎಂದೇ ತಿಳಿದೆ. ಆ ಮರವನ್ನು ನಿನಗಿಂತ ಹೆಚ್ಚು ಬಲ್ಲವರು ಯಾರಿದ್ದಾರೆ!

ನೀನು ಬಂದೆ. ಬುಡದ ಮಣ್ಣು ಕೆದಕಿ ಒಂದು ರಾಳದ ಗಟ್ಟಿ ಎತ್ತಿಕೊಂಡೆ. ಅಂಗೈಯಲ್ಲಿ ಬಿಸಿಯಾಗುವ ತನಕ ಉಜ್ಜಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದೆ. ಕಟ್ಟಡ ಸಮಿತಿಯವರೆಲ್ಲ ನಿನ್ನನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ನೀನು ಅದನ್ನು ನೆಲಕ್ಕೆ ಬಿಸಾಡಿ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಕೂತಿದೆ.

"ವಾಸನೆನೇ ಇಲ್ಲ. ಎಷ್ಟೋ ವರ್ಷದ ಹಳೇ ರಾಳ ಇದು. ಮರ ಒಳಗಿಂದ ಹೋಗಿದೆ, ಕಡಿಸಿಬಿಡಿ."

ನೀವೆಲ್ಲ ಕಾಫಿಗೆ ಹೋದ ಮೇಲೆ ನಾನು ಆ ಗಟ್ಟಿಯನ್ನು ಹುಡುಕಿ ಎತ್ತಿಕೊಂಡು ಬಂದೆ. ಸಾಣೆ ಚಕ್ರಕ್ಕೆ ಹಿಡಿದದ್ದೇ ತಡ, ಕೋಣೆ ತುಂಬ ಘಮಘಮ. ಪಕ್ಕದ ಮೇಜಿನಲ್ಲಿ ಕಪ್ಪೆಚಿಪ್ಪಿನ ಪಳೆಯುಳಿಕೆ ಶುಚಿ ಮಾಡುತ್ತಿದ್ದವಳು ಎದ್ದು ಬಂದು, ಅದೇನು ಅಷ್ಟು ಚೆನ್ನಾಗಿದೆ ಎಂದು ಕೇಳಿದಳು. ಹೊಸ ರಾಳ, ಅಮ್ಮ! ರಾಳ ಹಳೆಯದಾದ ಹಾಗೆ ವಾಸನೆ ಹಾರಿಹೋಗುತ್ತದೆ, ಹೊಸದಾದರೆ ಉಜ್ಜಿದ ಕೂಡಲೇ ಕೂಗಿ ಹೇಳುತ್ತದೆ ಎಂದು ಕಲಿಸಿದವಳು ನೀನೇ. ಚಿಕ್ಕವಳಿದ್ದಾಗ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದೇ ತುಣುಕು ಮೂಗಿಗೆ ಹಿಡಿದು, ಇದು ಕಲ್ಲಾದ ರಾಳ, ಅಂದರೆ ಅಂಬರ್, ಇದು ಬರೀ ರಾಳ, ಇದು ಪ್ಲಾಸ್ಟಿಕ್ ಎಂದು ಆಟವಾಡಿಸುತ್ತಿದ್ದೆಯಲ್ಲ. ಉಳಿದ ಮಕ್ಕಳು ಕುಂಟೆಬಿಲ್ಲೆ ಆಡುವಾಗ ನಾನು ಮೂಸುತ್ತಾ ಕೂತಿರುತ್ತಿದ್ದೆ.

ಗಟ್ಟಿಯನ್ನು ಹಿಡಿದುಕೊಂಡು ನಿರ್ದೇಶಕರ ಹತ್ತಿರ ಓಡಿದೆ. ಅವರು ಅದನ್ನು ಮೂಸಿಯೂ ನೋಡಲಿಲ್ಲ. "ನಿಮ್ಮ ತಾಯಿ ಮೂಗಿಗಿಂತ ನಿಮ್ಮ ಮೂಗು ದೊಡ್ಡದಾ?" ಎಂದರು. ಸಂಜೆಯೊಳಗೆ ಮರದ ಸೊಂಟಕ್ಕೆ ಕೆಂಪು ಬಣ್ಣ ಬಳಿದಾಗಿತ್ತು. ಸೋಮವಾರ ಬೆಳಿಗ್ಗೆ ಗರಗಸದವರು ಬರುತ್ತಾರೆ.

ಈಗ ನನಗೆ ಹೊಳೆದ ಕಾರಣ ಹೇಳುತ್ತೇನೆ, ಬೇಜಾರಾದರೆ ಆಗಲಿ. ಅಲ್ಲಿ ಕಟ್ಟುವುದು ಅಂಬರ್ ಗ್ಯಾಲರಿ. ಅದರ ಬಾಗಿಲ ಮೇಲೆ ನಿನ್ನ ಹೆಸರು. ಒಳಗೆ ನಟ್ಟನಡುವೆ, ವಿಶೇಷ ದೀಪದ ಕೆಳಗೆ, ನೀನು ಕಂಡುಹಿಡಿದ ಆ ಅಂಬರ್ ತುಂಡು. ಅದರೊಳಗಿನ ಎಸಳು ಯಾವುದರದು? ಈ ಮರದ ಅಣ್ಣನದು. ಕೋಟ್ಯಂತರ ವರ್ಷಗಳ ಹಿಂದೆ ಹೂ ಬಿಟ್ಟು, ರಾಳ ಸುರಿಸಿ, ಭೂಮಿಯಿಂದಲೇ ಇಲ್ಲವಾದ ಅಣ್ಣ. ಸತ್ತ ಅಣ್ಣನಿಗೆ ಮನೆ ಕಟ್ಟಲು ಬದುಕಿರುವ ತಮ್ಮನ ಬುಡಕ್ಕೆ ಗರಗಸ ಇಡಿಸುತ್ತೀಯಲ್ಲ, ಇದು ಯಾವ ನ್ಯಾಯ? ಹುಣಸೆ ಮರ ಕಂಡರೂ ಇದು ನಮ್ಮ ಮರದ ದಾಯಾದಿ ಎಂದು ಬಸ್ಸಿನಿಂದ ಇಣುಕಿ ತೋರಿಸುತ್ತಿದ್ದವಳು ನೀನು. ನಮ್ಮ ಮರ ಒಂದೇ ತೊಟ್ಟಿಗೆ ಜೋಡಿ ಎಲೆ ಬಿಡುವುದನ್ನು ತೋರಿಸಿ, ಒಂಟಿಯಾಗಿರಲು ಇದಕ್ಕೆ ಬರುವುದಿಲ್ಲ ನೋಡು ಎಂದಿದ್ದೆ. ಒಂದು ಫಲಕದ ಆಸೆಗೆ ಅದೆಲ್ಲ ಮರೆತುಹೋಯಿತೇ? ನನಗೆ ನಾಚಿಕೆಯಾಗುತ್ತಿದೆ.

ನಾಚಿಕೆಗಿಂತ ಹೆಚ್ಚಾಗಿ ಅರ್ಥವೇ ಆಗುತ್ತಿಲ್ಲ. ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಾಗ ನಿನ್ನ ಮೊಮ್ಮಗಳು ಅದೇ ಮರದ ಕಾಯಿ ತಂದು ಹಾಲ್‌ನಲ್ಲಿ ಸುತ್ತಿಗೆಯಿಂದ ಒಡೆದಳಲ್ಲ, ನೆನಪಿದೆಯೇ? ಒಳಗಿನ ಹಿಟ್ಟು ನಾಲಿಗೆಗೆ ಸಿಹಿ, ಮೂಗಿಗೆ ಮಾತ್ರ ವಾರಗಟ್ಟಲೆ ಒಗೆಯದ ಕಾಲುಚೀಲ. ನಿನ್ನ ಅಳಿಯ ಅರ್ಧ ಗಡ್ಡ ಹೆರೆದುಕೊಂಡೇ ಬಾಲ್ಕನಿಗೆ ಓಡಿದರು. ಹಿಂದೆಯೇ ನಾನು, ನನ್ನ ಹಿಂದೆ ಕಾಯಿ ಒಡೆದ ಆ ಮಹಾತಾಯಿಯೇ. ನೀನು ಮಾತ್ರ ಪೇಪರ್ ಓದುತ್ತಾ ಅಲ್ಲೇ ಕೂತಿದ್ದೆ. ಎಲ್ಲರೂ ಎಲ್ಲಿ ಹೋದಿರಿ ಎಂದು ಕೇಳಿದೆ. ನಾವು ನಕ್ಕಾಗ, ನನಗೆ ಇದೆಲ್ಲ ಅಭ್ಯಾಸ ಎಂದೆ. ಆ ಮರದ ಮೇಲೆ ಎಷ್ಟು ಪ್ರೀತಿ ಇದ್ದರೆ ಅದರ ನಾತವೂ ಅಭ್ಯಾಸವಾಗಿರಬೇಕು ಎಂದು ನಾನು ಆ ದಿನವಿಡೀ ಹೆಮ್ಮೆಪಟ್ಟೆ. ಮರುದಿನ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಗಾದಾಗಲೂ ನೀನು ಒಲೆಯ ಪಕ್ಕದಲ್ಲೇ ಕೂತಿದ್ದೆ. ಪುಸ್ತಕದಲ್ಲಿ ಮುಳುಗಿಹೋಗಿದ್ದೆ ಎಂದೆ. ಮೂಲೆಮನೆಯವರಿಗೆ ಬಂದ ವಾಸನೆ…

ಬರೆಯುವುದನ್ನು ನಿಲ್ಲಿಸಿ ಹೊರಗೆ ಹೋಗಿದ್ದೆ. ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು ಬಂದೆ. ಬರೆದದ್ದನ್ನು ಮೊದಲಿನಿಂದ ಓದಿದೆ. ಹರಿದುಹಾಕಿ ಬೇರೆ ಬರೆಯೋಣ ಎನ್ನಿಸಿತು, ಹರಿಯಲಿಲ್ಲ. ನಾಚಿಕೆ, ಫಲಕದ ಆಸೆ ಎಂದೆಲ್ಲ ಬರೆದ ಸಾಲುಗಳನ್ನು ಮಾತ್ರ ಬಿಟ್ಟು ಓದಿಕೋ. ಓದಿಬಿಟ್ಟಿರುತ್ತೀಯ, ಇರಲಿ.

ಸೋಮವಾರಕ್ಕೆ ಮುಂಚೆ ನಿನ್ನ ಮಾತನ್ನು ನೀನೇ ವಾಪಸು ತೆಗೆದುಕೊಳ್ಳಬೇಕು. ನಾನು ಹೇಳಿದರೆ ಇಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಿರ್ದೇಶಕರು ಇಂದು ಸಂಜೆಯ ತನಕ ಆಫೀಸಿನಲ್ಲಿರುತ್ತಾರೆ.

ಕೋಪ ಇನ್ನೂ ಇಳಿಯದ,
ನಿನ್ನ ಮಗಳು

ತಾ.ಕ.: ಹಾಳೆಗಳ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಒಳಗಿನ ಹಳದಿ ಪುಡಿ ರಾಳದ್ದಲ್ಲ, ಆ ಕಾಯಿಯ ಹಿಟ್ಟು, ಈಗಷ್ಟೇ ಒಡೆದದ್ದು. ಮೂಗಿರುವ ಯಾರೂ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಇಷ್ಟುದ್ದದ ಕಾಗದ ಓದಲಾರರು. ನೀನು ಇಲ್ಲಿಯ ತನಕ ಓದಿದ್ದೀಯ. ಚಳಿಗಾಲದ ಆ ಜ್ವರದಿಂದ ಎದ್ದ ಮೇಲೆ ಹೀಗಾಯಿತೇ? ವಾಸನೆ ಇಲ್ಲ ಎಂದು ನೀನು ಹೇಳಿದ್ದು ಸುಳ್ಳಲ್ಲ, ನಿನಗೆ ನಿಜವಾಗಿಯೂ ಬರಲಿಲ್ಲ. ಆದರೆ ಬರುತ್ತಿಲ್ಲ ಎಂದು ಗೊತ್ತಿದ್ದೂ ಅಷ್ಟು ಜನರ ಮುಂದೆ ಮೂಸಿದೆಯಲ್ಲ, ಅದು ಸುಳ್ಳು. ಜ್ವರ ಬಿಟ್ಟ ಮೇಲೆ ನೀನು ಮೂಸಿ ಅಸಲಿ ಎಂದ ಅಂಬರ್ ತುಂಡುಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಬೇಕಾಗುತ್ತದೆ, ಜನ ಆಡಿಕೊಳ್ಳುತ್ತಾರೆ, ಅದಕ್ಕೇ ಬಾಯಿ ಬಿಡಲಿಲ್ಲ ಎಂದು ನನಗೆ ಅರ್ಥವಾಗುತ್ತದೆ. ಊರಿಗೆ ಹೇಳದಿದ್ದರೆ ಹೋಗಲಿ, ನನಗೂ ಹೇಳಲಿಲ್ಲವಲ್ಲ. ನಾನು ಉರಿಯುತ್ತಿರುವುದು ಅದಕ್ಕೆ. ಈ ಕಾಗದ ತಂದ ನಿನ್ನ ಅಳಿಯ ಒಳಗೆ ಬರದೆ ಗೇಟಿನ ಹತ್ತಿರವೇ ನಿಂತಿದ್ದರೆ ತಪ್ಪು ತಿಳಿಯಬೇಡ, ದಾರಿಯುದ್ದಕ್ಕೂ ಆ ಪೊಟ್ಟಣ ಅವರ ಜೇಬಿನಲ್ಲಿತ್ತು. ಚಪ್ಪಲಿ ಹಾಕಿಕೊಂಡು ಅವರ ಸ್ಕೂಟರ್ ಹತ್ತಿ ಬಾ. ನಾನು ಮರದ ಕೆಳಗೆ ಕಾಯುತ್ತಿರುತ್ತೇನೆ.