ಕಲಗಚ್ಚಿನ ಬಿಳುಪು

೧೯೪೪ ಜನವರಿ ೧೦, ಸೋಮವಾರ. ಶಿವಮೊಗ್ಗ

ಬೆಳಿಗ್ಗೆ ಏಳು ಗಂಟೆ. ಹಿತ್ತಲಲ್ಲಿ ನಾಗರಹಾವು. ಹುರುಳಿ ಬಳ್ಳಿಯ ಗುಡ್ಡೆಯೊಳಗೆ ನುಗ್ಗಿತು. ಬಾಲ ಮಾತ್ರ ಕಂಡಿತು, ಮಾರುದ್ದ. ಕೂಗಿಕೊಂಡೆ. ಬೀದಿಗೆ ಬೀದಿಯೇ ದೊಣ್ಣೆ ಹಿಡಿದು ಓಡಿ ಬಂತು. ಹೊನ್ನಯ್ಯ ಮುಂದೆ, ಅವನ ಹೆಂಡತಿ ಪುಷ್ಪಮ್ಮ ಒನಕೆ ಹಿಡಿದು ಹಿಂದೆ. ‘ಅಗೋ ಅಲ್ಲಿ ಅಲುಗಾಡ್ತು, ಇಗೋ ಇಲ್ಲಿ’ ಎಂದು ನಾನು ಕೈ ತೋರಿಸಿದ ಕಡೆಯೆಲ್ಲ ಬಡಿದರು. ಅರ್ಧ ಗಂಟೆ ಬಡಿದರು.

ಹಾವು ಸಿಗಲಿಲ್ಲ. ಇದ್ದರೆ ತಾನೆ.

ಹುರುಳಿ ಬಡಿಯಬೇಕಿತ್ತು. ನನ್ನ ಬಲಭುಜ ಮೇಲೇಳುವುದಿಲ್ಲ. ಅಕ್ಕ ಪುಟ್ಟಲಕ್ಷ್ಮಿಗೆ ಎಪ್ಪತ್ತೆರಡು, ನನಗಿಂತ ನಾಲ್ಕು ಹೆಚ್ಚು. ಕೂಲಿಗೆ ಕರೆಯಲು ಕೈಯಲ್ಲಿ ಏನೂ ಇಲ್ಲ. ಸಂಜೆ ಜಗಲಿಯಲ್ಲಿ ಕೂತು ಎಲ್ಲರೆದುರು ಒಪ್ಪಿಕೊಂಡೆ. ಬೆಳಿಗ್ಗೆ ಮಾಡಿದ ಕೀಟಲೆ ಸಂಜೆಯೊಳಗೆ ಒಪ್ಪಿಕೊಳ್ಳುವುದು ನನ್ನ ಪದ್ಧತಿ. ಅದಕ್ಕೇ ಜನ ಇಷ್ಟು ವರ್ಷ ಒದೆಯದೆ ಬಿಟ್ಟಿದ್ದಾರೆ.

ಹೊನ್ನಯ್ಯ: “ಥೂ ನಿಮ್ಮ, ಶೇಷಪ್ಪಣ್ಣ. ನಿಮ್ಮ ಮಾತಲ್ಲಿ ಒಂದಿನನಾದ್ರೂ ಹುರುಳಿರ್ತದಾ?”

“ಇವತ್ತು ಇತ್ತಲ್ಲೋ ಮಾರಾಯ, ಆರು ಸೇರು.”

ಎಲ್ಲರಿಗೂ ಒಂದೊಂದು ಬೊಗಸೆ ಕೊಟ್ಟು ಕಳಿಸಿದೆ. ವಿಮಲಮ್ಮ ಮಾತ್ರ ತೆಗೆದುಕೊಳ್ಳಲಿಲ್ಲ. ನಮ್ಮಿಂದ ಮೂರನೇ ಮನೆ. ಗಂಡ ಏಕಾಂತಪ್ಪ ಭದ್ರಾವತಿಯಲ್ಲಿ ಒಬ್ಬ ಗುತ್ತಿಗೆದಾರನ ಇದ್ದಿಲು ಡಿಪೋದಲ್ಲಿ ಕೆಲಸಕ್ಕಿದ್ದಾನೆ. ರೇಷನ್ ಕಾರ್ಡೂ ಅಲ್ಲಿಯದೇ. ಶನಿವಾರ ಶನಿವಾರ ಅಕ್ಕಿ ಹೊತ್ತು ತರುತ್ತಾನೆ. ಎರಡು ಹೆಣ್ಣುಮಕ್ಕಳು.

“ನಮ್ಮನೇಲಿ ಇದೆ ಅಜ್ಜ. ಇಲ್ದೋರಿಗೆ ಕೊಡಿ” ಅಂದಳು.

ಜನವರಿ ೧೩, ಗುರುವಾರ

ಮನೆಯಿಂದ ಹೊರಗೆ ಹೋಗುವ ಕಸ ಎಷ್ಟು ಎಂದು ಯೋಚಿಸಿದೆ. ಏನೂ ಇಲ್ಲ. ಸ್ನಾನದ ನೀರು ಕುಂಬಳ ಬಳ್ಳಿಗೆ. ಒಲೆಯ ಬೂದಿ ಪಾತ್ರೆಗೆ, ಪಾತ್ರೆ ತೊಳೆದ ನೀರು ಬಾಳೆ ಬುಡಕ್ಕೆ. ಅಕ್ಕನ ಸೀರೆ ಕೌದಿಯಾಯಿತು, ಕೌದಿ ಹರಿದು ಮಸಿಬಟ್ಟೆಯಾಯಿತು, ಮಸಿಬಟ್ಟೆ ಹರಿದು ದೀಪದ ಬತ್ತಿಯಾಯಿತು. ಸೀಮೆಎಣ್ಣೆ ಸಿಗದೆ ಬತ್ತಿ ಮಾತ್ರ ಬಾಯಿ ಒಣಗಿಸಿಕೊಂಡು ಕೂತಿದೆ. ಒಡೆದ ಮಡಕೆ ಬದನೆ ಸಸಿಗೆ ಕೊಡೆ. ಈ ದಿನಚರಿ ಕೂಡ ಹಳೆಯ ಲಗ್ನಪತ್ರಿಕೆಗಳನ್ನು ಹೊಲಿದು ಮಾಡಿದ್ದು. ಆ ಮಗ್ಗುಲಲ್ಲಿ ಯಾರದೋ ಮದುವೆ, ಈ ಮಗ್ಗುಲಲ್ಲಿ ನನ್ನ ಹುರುಳಿ.

ನಮ್ಮದು ಸಾಲದು ಅಂತ ಬೀದಿಯದೂ ಬೇಕು. ದಿನಾ ಬೆಳಿಗ್ಗೆ ಎರಡು ಮಡಕೆ ಹಿಡಿದು ಐದು ಮನೆಗೆ ಕಲಗಚ್ಚಿಗೆ ಹೋಗುತ್ತೇನೆ. ಅಕ್ಕಿ ತೊಳೆದ ನೀರು, ಗಂಜಿ ತಿಳಿ, ತರಕಾರಿ ಸಿಪ್ಪೆ. ಎಲ್ಲ ನಮ್ಮ ಹಸುವಿಗೆ. ಅದರ ಹೆಸರು ಅಮಲ್ದಾರ್. ಮನೆಮನೆಯಿಂದ ಲೆವಿ ಎತ್ತುವವಳಿಗೆ ಬೇರೆ ಯಾವ ಹೆಸರಿಡಲಿ? ಅವಳು ಕೊಡುವ ಒಂದು ಪಾವು ಹಾಲಿನ ಮೇಲೆ ನಾನೂ ಅಕ್ಕನೂ ನಿಂತಿದ್ದೇವೆ.

ಮಡಕೆ ನೋಡಿದರೆ ಮನೆಯ ಒಲೆ ಗೊತ್ತಾಗುತ್ತದೆ. ಹೊನ್ನಯ್ಯನದು ರಾಗಿಯ ಕಂದು. ಮೇಷ್ಟ್ರು ನರಸಿಂಹಮೂರ್ತಿಗಳದು ತೆಳುಬಿಳಿ, ಮೇಲೊಂದು ಕರಿಬೇವಿನೆಲೆ. ಹೋದ ವರ್ಷ ಕಲಗಚ್ಚು ಕೈಗೆ ಅಂಟುತ್ತಿತ್ತು. ಈ ವರ್ಷ ಗಂಜಿ ತಿಳಿಯನ್ನು ಜನರೇ ಕುಡಿಯುತ್ತಿದ್ದಾರೆ. ಅಕ್ಕಿ ಅಳೆಯುವ ಕಾಲ ಹೋಗಿ ಅಕ್ಕಿಗೆ ಅಳುವ ಕಾಲ ಬಂತು ಎಂದೆ ಮೇಷ್ಟ್ರಿಗೆ. ಒಳ್ಳೆಯ ಮಾತು. ಆದರೂ ನಗಲಿಲ್ಲ.

ಜನವರಿ ೧೭, ಸೋಮವಾರ

ವಿಮಲಮ್ಮನ ಕಲಗಚ್ಚು — ನೀರು. ಬರೀ ಬಾವಿ ನೀರು. ಪಾತ್ರೆಯೂ ಬದಲಾಗಿದೆ. ಹಿತ್ತಾಳೆ ತಪ್ಪಲೆ ಹೋಗಿ ಮಣ್ಣಿನ ಕುಡಿಕೆ ಬಂದಿದೆ. ಬೀದಿಯಲ್ಲಿ ನಾಲ್ಕು ಜನ ಇದ್ದರು. ನಾಲ್ಕು ಜನ ಇದ್ದರೆ ನನ್ನ ನಾಲಿಗೆ ನಿಲ್ಲುವುದಿಲ್ಲ.

“ವಿಮಲಮ್ಮಾ, ನಿನ್ನ ಕಲಗಚ್ಚಲ್ಲಿ ನಮ್ಮ ಅಮಲ್ದಾರ್ ಮುಖ ನೋಡ್ಕೊಂಡು ಕುಂಕುಮ ಇಟ್ಕೋಬಹುದು ಮಾರಾಯ್ತಿ.”

ಪುಷ್ಪಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ವಿಮಲಮ್ಮನೂ ನಕ್ಕಳು. “ಇವತ್ತು ರೊಟ್ಟಿ ಅಜ್ಜ. ಅಕ್ಕಿ ತೊಳೀಲಿಲ್ಲ.”

ದಿನವಿಡೀ ಆ ಮಾತನ್ನು ನೆನೆದು ನಾನೇ ನಕ್ಕೆ.

ಜನವರಿ ೨೦, ಗುರುವಾರ

ನನ್ನ ಮಾತಿಗೆ ಫಲ ಸಿಕ್ಕಿದೆ. ಎರಡು ದಿನದಿಂದ ವಿಮಲಮ್ಮನ ಕುಡಿಕೆ ತುಂಬ ಹಾಲಿನಂಥ ಬಿಳುಪು. ಇಡೀ ಬೀದಿಯಲ್ಲಿ ಅವಳದೇ ಗಟ್ಟಿ. ಪುಷ್ಪಮ್ಮ ಕತ್ತು ಚಾಚಿ ನೋಡಿ, “ಗಂಡ ಮೂಟೆ ತಂದ್ನೇನೋ” ಅಂದಳು. ವಿಮಲಮ್ಮ ತಲೆ ಎತ್ತಿ ಹೇಳಿದಳು: “ಶನಿವಾರ ಬಂದಿದ್ರು. ಬೆಳಕು ಹರಿಯೋಕ್ ಮುಂಚೆ ಹೋದ್ರು.”

ಜನವರಿ ೨೯, ಶನಿವಾರ

ಅಮಲ್ದಾರ್ ವಾರದಿಂದ ಬಾನಿಯ ತಳ ನೆಕ್ಕುತ್ತಿಲ್ಲ. ಮೂಸಿ ಮುಖ ತಿರುಗಿಸುತ್ತಾಳೆ. ಇವತ್ತು ನೀರು ಬಸಿದು ಕೈಹಾಕಿದೆ. ತಳದಲ್ಲಿ ಎರಡು ಬೆರಳು ದಪ್ಪ ಬಿಳಿ ಹುಡಿ. ಉಜ್ಜಿದೆ. ನಾಲಿಗೆಗೆ ಹಚ್ಚಿದೆ. ಕಲ್ಲು... ರಂಗೋಲಿ ಪುಡಿ!

ಭಲೇ ವಿಮಲಮ್ಮ. ನನಗೇ ಟೋಪಿ. ಗಂಡ ತಂದ ಅಕ್ಕಿಯ ತೊಳೆನೀರು ತನಗೆ, ರಂಗೋಲಿ ನೀರು ನನ್ನ ಹಸುವಿಗೆ. ಅವತ್ತು ನಾಲ್ಕು ಜನರ ಮುಂದೆ ನಗಿಸಿದ್ದಕ್ಕೆ ತೀರಿಸಿಕೊಂಡಿದ್ದಾಳೆ. ಐವತ್ತು ವರ್ಷದ ಕೀಟಲೆಯಲ್ಲಿ ನನ್ನನ್ನು ಹೀಗೆ ಯಾರೂ ಬೀಳಿಸಿರಲಿಲ್ಲ. ಖುಷಿಯಾಯಿತು. ಇದಕ್ಕೊಂದು ಮರುಜವಾಬು ಬೇಕು.

ಪುಡಿ ಎಸೆಯಲಿಲ್ಲ. ನಮ್ಮ ಮನೆಯಲ್ಲಿ ಎಸೆಯುವುದೆಂಬ ಕೆಲಸವೇ ಇಲ್ಲ. ಮೊರದಲ್ಲಿ ಹರಡಿ ಬಿಸಿಲಿಗಿಟ್ಟಿದ್ದೇನೆ. ಅಕ್ಕ ಕೇಳಿದಳು, ಏನಕ್ಕೋ ಎಂದು. ದೀಪ ಬೆಳಗಲು ಎಂದೆ.

ಫೆಬ್ರವರಿ ೨, ಬುಧವಾರ

ಬೆಳಿಗ್ಗೆ ಬೀದಿಯಲ್ಲಿ ಗುಂಪು. ವಿಮಲಮ್ಮನ ಬಾಗಿಲ ಮುಂದೆ ಯಾರೋ ರಂಗೋಲಿಯಲ್ಲಿ ಹಸು ಬರೆದಿದ್ದಾರೆ. ದೊಡ್ಡ ಹಸು. ಮುಖ ಬಾನಿಯೊಳಗೆ, ಬಾನಿಯ ತುಂಬ ಚುಕ್ಕಿ.

ಪುಷ್ಪಮ್ಮ ಬಗ್ಗಿ ಒಂದು ಚಿಟಿಕೆ ತೆಗೆದು ಉಜ್ಜಿದಳು. “ಇದರಲ್ಲಿ ತೌಡಿದೆ. ಕರಿಬೇವಿನ ಚೂರಿದೆ. ಇದು ಹಸು ಬಾನೀದು ಕಣ್ರೀ.” ಆಮೇಲೆ ಅವಳಿಗೆ ಹೊಳೆಯಿತು. “ಕಲಗಚ್ಚಿಗೆ ರಂಗೋಲಿ ಕಲಸ್ತಿದ್ದೆಯೇನೆ ವಿಮಲಾ? ಅಕ್ಕಿ ತೊಳೆದ ನೀರು ಏನ್ ಮಾಡ್ತಿದ್ದೆ?”

ವಿಮಲಮ್ಮನ ಚಿಕ್ಕವಳು, ನಾಲ್ಕು ವರ್ಷ ಇರಬೇಕು, ಹಸು ನೋಡುತ್ತಾ ಕೂತಿದ್ದಳು. ಅವಳು ಹೇಳಿದಳು. “ನಮ್ಮನೇಲಿ ಅಕ್ಕಿ ಇಲ್ಲ. ಅಪ್ಪ ಬರೋದೇ ಇಲ್ಲ.”

ವಿಮಲಮ್ಮ ಪೊರಕೆ ತಂದು ನೀರು ಹಾಕಿ ಗುಡಿಸಿದಳು. ದೊಡ್ಡವಳು, “ಅಮ್ಮಾ ಅಳಿಸ್ಬೇಡ, ಚೆನ್ನಾಗಿದೆ” ಎನ್ನುತ್ತಿದ್ದಳು. ಇಬ್ಬರನ್ನೂ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನಲ್ಲ ಎಂದೆ. ಅಕ್ಕ ಗೇಟಿನಿಂದಲೇ ಹೇಳಿದಳು: “ಅವನು ಗೊರಕೆ ಹೊಡೀತಿದ್ದ, ನಾನು ಕೇಳಿಸ್ಕೊಂಡೆ.” ಹೊನ್ನಯ್ಯ: “ಶೇಷಪ್ಪಣ್ಣ ಮಾಡಿದ್ರೆ ಸಂಜೆ ಒಳಗೆ ಅವ್ರೇ ಹೇಳ್ಕೊಂಡು ನಗ್ತಾರೆ ಬಿಡ್ರಿ.”

ಸಂಜೆ ಜಗಲಿಯಲ್ಲಿ ಕೂತೆ. ಅವರು ಕಾದರು. ಕತ್ತಲಾಯಿತು. ಎದ್ದು ಹೋದರು.

ಫೆಬ್ರವರಿ ೩, ಗುರುವಾರ

ಒಂದು ಸೇರು ಹುರುಳಿ, ಇವತ್ತಿನ ಹಾಲು ಪೂರ್ತಿ, ವಿಮಲಮ್ಮನ ಹೊಸ್ತಿಲ ಮೇಲೆ ಇಟ್ಟು ಬಂದೆ. ಮಧ್ಯಾಹ್ನ ನೋಡಿದರೆ ಎರಡೂ ನಮ್ಮ ಗೇಟಿನ ಒಳಗೆ. ಹಾಲಿನ ಮೇಲೆ ಎಲೆ ಮುಚ್ಚಿದ್ದು ಹಾಗೇ ಇದೆ.

ಅಕ್ಕ ಮೊರವನ್ನು ಕವುಚಿ ತಟ್ಟುತ್ತಿದ್ದಳು. ಬಿಳಿ ಧೂಳು ಉದುರಿತು. ನನ್ನನ್ನು ನೋಡಿದಳು.

ಫೆಬ್ರವರಿ ೪, ಶುಕ್ರವಾರ

ಮನೆ ಖಾಲಿ. ಚಿಲಕಕ್ಕೆ ಹಗ್ಗ ಸುತ್ತಿದೆ. ಒಳಗೆ ಒಲೆ ತಣ್ಣಗಿದೆ, ಮಣ್ಣಿನ ಕುಡಿಕೆ ಬೋರಲು ಹಾಕಿದೆ. ತಾಯಿ, ಎರಡು ಮಕ್ಕಳು, ಯಾವಾಗ ಹೋದರೋ.

ಹೊನ್ನಯ್ಯನೂ ನಾನೂ ತುಂಗೆಯ ದಂಡೆ ಹಿಡಿದು ಸಂಜೆವರೆಗೆ ನಡೆದೆವು. ಪ್ರತಿ ಮಡುವಿನ ಹತ್ತಿರ ಹೊನ್ನಯ್ಯ ಮೊದಲು ಹೋಗಿ ಇಣುಕುತ್ತಿದ್ದ. ನಾನು ಹಿಂದೆ ನಿಲ್ಲುತ್ತಿದ್ದೆ. “ಇಲ್ಲ, ಬನ್ನಿ” ಅನ್ನುತ್ತಿದ್ದ. ಹನ್ನೊಂದು ಸಲ ಅಂದ.

ಫೆಬ್ರವರಿ ೫, ಶನಿವಾರ. ಭದ್ರಾವತಿ

ರೈಲಿನಲ್ಲಿ ಬಂದೆ. ಇದ್ದಿಲು ಡಿಪೋದ ಮೇಸ್ತ್ರಿಯನ್ನು ಹಿಡಿದೆ. ತಮಿಳಿನವನು.

“ಏಕಾಂತಪ್ಪನಾ ಅಯ್ಯಾ? ದಸರಾ ಮುಗಿಸ್ಕೊಂಡು ಅಸ್ಸಾಂಗೆ ಹೋದ. ಮಿಲಿಟ್ರಿ ರೋಡು ಕೆಲ್ಸ. ಲಾರೀಲಿ ಇಪ್ಪತ್ತು ಜನ ಹೋದ್ರು. ಮನೇಲಿ ಹೇಳಿಲ್ವಾ?”

“ಕಾಗದ ಏನಾದ್ರೂ...”

“ಯಾರ್ದೂ ಬಂದಿಲ್ಲ.”

ದಸರಾ ಮುಗಿದು ನಾಲ್ಕು ತಿಂಗಳು. ಕಾರ್ಡು ಇಲ್ಲಿ, ಗಂಡ ಅಲ್ಲಿ, ಅವಳು ಶಿವಮೊಗ್ಗದಲ್ಲಿ ಎರಡು ಮಕ್ಕಳ ಜೊತೆ. ತಪ್ಪಲೆ ಯಾಕೆ ಕುಡಿಕೆಯಾಯಿತೆಂದು ಈಗ ತಿಳಿಯಿತು. ಮಾರಿದ್ದಾಳೆ. ಒಂದೊಂದೇ ಮಾರಿ ತಿಂದಿದ್ದಾರೆ. ಕಲಗಚ್ಚು ಮಾತ್ರ ನಿಜ ಹೇಳುತ್ತಿತ್ತು. ನಾನು ನಗಿಸಿದೆ. ಮಾರನೇ ದಿನದಿಂದ ಅದರ ಬಾಯಿಗೂ ಬಿಳಿ ಬಳಿದಳು.

ಇಲ್ಲಿಗೆ ಅವಳು ಬಂದಿಲ್ಲವಂತೆ.

ಫೆಬ್ರವರಿ ೧೨, ಶನಿವಾರ

ವಾರವಾಯಿತು. ಸೋಗಾನೆಯಲ್ಲಿ ಅವಳ ದೊಡ್ಡಮ್ಮನ ಮನೆ ಇದೆ ಎಂದರು. ನಡೆದು ಹೋದೆ. ಬಂದಿಲ್ಲ. ತಿರುಗಿ ಮತ್ತೆ ನದಿಯ ಕಡೆ ಹೋದೆ. ಈ ಸಲ ಒಬ್ಬನೇ. ಇಣುಕಲು ಹೊನ್ನಯ್ಯ ಇರಲಿಲ್ಲ, ನಾನೇ ಇಣುಕಿದೆ.

ಬೀದಿಯಲ್ಲಿ ಈಗ ಯಾರೂ ಕಲಗಚ್ಚು ಹೊರಗಿಡುವುದಿಲ್ಲ. ಮೇಷ್ಟ್ರ ಮನೆಯವರೂ ಇಡುತ್ತಿಲ್ಲ. ಮಡಕೆ ಹಿಡಿದು ನಿಂತೆ. ಪುಷ್ಪಮ್ಮ ಬಾಗಿಲಲ್ಲೇ ಹೇಳಿದಳು, “ಬೇಡ ಅಣ್ಣ. ಯಾರ ಮನೇಲಿ ಏನಿದೆ ಅಂತ ನೋಡೋದು ಸಾಕು.” ತಪ್ಪಲ್ಲ. ಅಮಲ್ದಾರ್ ಅರ್ಧ ಪಾವಿಗೆ ಇಳಿದಿದ್ದಾಳೆ. ಅಕ್ಕ ನನಗೆ ಬಡಿಸಿ ತಾನು ಎದ್ದು ಹೋಗುತ್ತಾಳೆ.

ತಮಾಷೆಗೆ ಮಾತು ತಿರುಚಲು ನೋಡಿದೆ. ಬರಲಿಲ್ಲ.

ಫೆಬ್ರವರಿ ೧೯, ಶನಿವಾರ. ಭದ್ರಾವತಿಯಿಂದ ಬಂದ ಮೇಲೆ

ಸಿಕ್ಕಳು.

ಹೊನ್ನಯ್ಯನ ಷಡ್ಡಕ ನೋಡಿದ್ದನಂತೆ. ಭದ್ರಾವತಿ ಊರಾಚೆ ಕಬ್ಬಿಣದ ಕಾರ್ಖಾನೆಯ ಬೂದಿ ಸುರಿಯುವ ದಿಬ್ಬ. ಅರೆಸುಟ್ಟ ಇದ್ದಿಲು ಆಯುವ ಹೆಂಗಸರು. ಎಲ್ಲರ ಮುಖವೂ ಕಪ್ಪು. ಗುರುತು ಹತ್ತಲಿಲ್ಲ. ದೊಡ್ಡವಳು ಓಡಿ ಬಂದು, “ಅಮ್ಮಾ, ಹಾವಿನಜ್ಜ” ಎಂದಳು.

ಚಿಕ್ಕವಳು ಗೋಣಿಯ ಮೇಲೆ ಮಲಗಿದ್ದಳು. ಮುಟ್ಟಿದೆ, ಕೆಂಡ. ಆರು ದಿನದ ಜ್ವರವಂತೆ. ಹಾಲಿನ ಚೊಂಬು ಮುಂದೆ ಹಿಡಿದೆ. ವಿಮಲಮ್ಮ ನನ್ನ ಕೈ ನೋಡಲಿಲ್ಲ, ಮುಖ ನೋಡಿದಳು.

“ಹಸು ಬರ್ದೋರು ಯಾರು ಅಂತ ಗೊತ್ತಾಯ್ತಾ ಅಜ್ಜ?”

ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದಳು. ಹೂಂ ಎಂದಿದ್ದರೆ ಸಾಕಿತ್ತು, ಚೊಂಬು ತೆಗೆದುಕೊಳ್ಳುತ್ತಿದ್ದಳು. ಅದೂ ನನಗೆ ಗೊತ್ತಾಯಿತು.

“ಇಲ್ಲ ತಾಯಿ” ಎಂದೆ.

ಸೆರಗಿನಿಂದ ಮಗುವಿನ ಮುಖ ಒರೆಸಿದಳು. ಕಪ್ಪು ಇನ್ನಷ್ಟು ಹರಡಿತು.

“ನಮ್ದು ಊಟ ಆಯ್ತು ಅಜ್ಜ. ಹಾಲು ತಗೊಂಡು ಹೋಗಿ. ನಮ್ಮನೇಲಿದೆ.”

ವಾಪಸ್ ತಂದೆ. ರೈಲಿನಲ್ಲಿ ಹಾಲು ಒಡೆಯಿತು.

ಫೆಬ್ರವರಿ ೨೦, ಭಾನುವಾರ

ಒಡೆದ ಹಾಲನ್ನೂ ಅಕ್ಕ ಚೆಲ್ಲಲಿಲ್ಲ. ಬಸಿದು ತಂದು ಎದುರಿಗಿಟ್ಟಳು. ಬಟ್ಟಲು ಪಕ್ಕಕ್ಕೆ ಸರಿಸಿದೆ. ಭದ್ರಾವತಿಯಲ್ಲಿ ನಡೆದದ್ದೆಲ್ಲ ಹೇಳಿದೆ. ಕೇಳಿಸಿಕೊಂಡು ಮಾತಾಡಿದಳು. ಹದಿನೆಂಟು ದಿನದಲ್ಲಿ ಮೊದಲ ಮಾತು.

“ಗೊರಕೆ ಅಂತ ನಾನು ಒಂದು ಸುಳ್ಳು ಹೇಳಿದೆ. ನನ್ನ ಪಾಪ ನಾನು ತಿಂತೀನಿ. ನಾಳೆ ಹಾಲು ತಗೊಂಡು ಹೋಗ್ಬೇಡ ಕಣೋ. ಬಾಯಿ ತಗೊಂಡು ಹೋಗು.”

ನಾಳೆ ಬೆಳಗಿನ ರೈಲು. ಮಗು ಅಲ್ಲಿಯವರೆಗೆ...

ಅವಳೆದುರು ಬಾಯಿ ಕಟ್ಟಿದರೆ ಎಂದು ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ. ಇಲ್ಲಿಯೂ ಇಷ್ಟು ದಿನ ಯಾರೋ ಎಂದೇ ಬರೆದೆ. ಯಾರೂ ಓದದ ಕಾಗದದಲ್ಲೂ.

ಆ ಹಸು ಬರೆದದ್ದು ನಾನು. ಎರಡನೇ ತಾರೀಖು, ಬೆಳಕು ಹರಿಯುವ ಮುಂಚೆ, ಮೊರದಲ್ಲಿ ಒಣಗಿಸಿಟ್ಟ ಅವಳದೇ ಪುಡಿಯಲ್ಲಿ. ನಗು ತಡೆಯಲಾಗದೆ ಹೆಗಲ ವಸ್ತ್ರ ಬಾಯಿಗೆ ತುರುಕಿಕೊಂಡಿದ್ದೆ. ಬಾಗಿಲ ಆಚೆ ಚಿಕ್ಕವಳು ಎದ್ದು ಅಳುತ್ತಿದ್ದಳು, ಅಮ್ಮಾ ಹಸಿವು, ಅಮ್ಮಾ ಹಸಿವು ಎಂದು. ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಕೈ ನಿಂತಿತು. ಆದರೆ ಬಾಲ ಒಂದು ಬಾಕಿ ಇತ್ತು, ಅದನ್ನೂ ಬರೆದು —