ಬಿಗಿ ತೋಳಿನ ಅಂಗಿ

ಹೊಲಿಗೆ ಅಂಗಡಿ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಕೆಮ್ಮು ಹೋಯಿತೆ? ರೋಗಿಗಳಿಗೆಲ್ಲ ಬಿಸಿನೀರು ಕುಡಿಯಿರಿ ಎಂದು ಉಪದೇಶ ಮಾಡುವ ನರ್ಸಮ್ಮ ತಾನು ಮಾತ್ರ ತಣ್ಣೀರು ಗಟಗಟ ಕುಡಿಯುವುದು ನನಗೆ ಗೊತ್ತಿಲ್ಲವೆ? ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಪತ್ರವನ್ನು ಪಕ್ಕದ ಮನೆಯವರಿಗೆ ಆಗಲೇ ಎರಡು ಸಲ ಓದಿ ಹೇಳಿದ್ದಾಳೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಲಸಿಕೆ ಹಾಕುವುದನ್ನು ಕಲಿಸಲು ನಿನ್ನನ್ನೇ ಆರಿಸಿದ್ದಾರೆ ಎಂಬ ಸಾಲು ಬಂದಾಗ ಅವಳು ದನಿ ಏರಿಸಿ ಓದುತ್ತಾಳೆ. ನಾನೂ ಆ ಸಾಲನ್ನು ಮತ್ತೆ ಮತ್ತೆ ಓದಿದೆ, ಬೇರೆ ಕಾರಣಕ್ಕೆ.

ನನ್ನ ಕೈ ನೋಯುತ್ತಿದೆ ಗುಬ್ಬಿ. ನೀನು ಊರು ಬಿಡುವ ಹಿಂದಿನ ದಿನ ಲಸಿಕೆ ಹಾಕಿದೆಯಲ್ಲ, ಅದೇ ಎಡಗೈ. ಎರಡು ದಿನದಲ್ಲಿ ನೋವು ಹೋಗುತ್ತದೆ ಅಂದಿದ್ದೆ, ಐದು ತಿಂಗಳಾಯಿತು. ಬಟ್ಟೆ ಕತ್ತರಿಸುವಾಗ ಎಡಗೈ ಚಾಚಿ ಒತ್ತಿ ಹಿಡಿಯಬೇಕು, ಅದು ಆಗುತ್ತಿಲ್ಲ. ಮೇಲಿನ ಹಲಗೆಯಿಂದ ದಾರದ ಉಂಡೆ ತೆಗೆಯಲು ಕುರ್ಚಿ ಹತ್ತುತ್ತೇನೆ. ಕಳೆದ ವಾರ ಗಿರಾಕಿಯೊಬ್ಬಳ ರೇಷ್ಮೆ ಜಾರಿ ಕತ್ತರಿ ಅಡ್ಡ ಹೋಯಿತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಅಂಗಡಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಕೈ ಹೀಗೇ ಉಳಿದರೆ ನಾನು ಏನು ಮಾಡಲಿ? ಅಮ್ಮನಿಗೆ ಹೇಳಿಲ್ಲ.

ಕೊನೆಗೆ ಮೂಳೆ ಡಾಕ್ಟರ ಹತ್ತಿರ ಹೋದೆ. ನಾನು ಕಿರುಚುವವರೆಗೂ ಕೈ ಎತ್ತಿಸಿ ನೋಡಿದರು. “ಸೂಜಿ ತೀರಾ ಮೇಲೆ ಬಿದ್ದಿದೆ ಅಮ್ಮ. ಮಾಂಸಕ್ಕೆ ಹೋಗಬೇಕಾದ್ದು ಭುಜದ ಕೀಲಿಗೆ ಹೋಗಿದೆ. ಯಾರು ಹಾಕಿದ್ದು?” ಎಂದರು. ನೆನಪಿಲ್ಲ ಅಂದೆ. ನಿನ್ನ ಮೊದಲ ಸಮವಸ್ತ್ರ ಹೊಲಿದುಕೊಟ್ಟವಳು ನಾನು. ನಿನ್ನ ಹೆಸರು ಬಾಯಿಗೆ ಬರಲಿಲ್ಲ.

ತಪ್ಪು ನಿನ್ನದೊಂದೇ ಅಲ್ಲ. ಆ ದಿನ ನಾನು ಹಾಕಿಕೊಂಡಿದ್ದು ನಾನೇ ಹೊಲಿದ ಬಿಗಿ ತೋಳಿನ ಅಂಗಿ. ಅಳತೆ ಎಂದರೆ ಅಳತೆ, ತೋಳು ಮೊಣಕೈ ದಾಟಿ ಮೇಲೇರಲಿಲ್ಲ. ನೀನು “ಕೈ ಹೊರಗೆ ತೆಗಿ ಅಕ್ಕಾ” ಅಂದೆ. ನಾನು ನಾಚಿಕೊಂಡು, “ಅಯ್ಯೋ, ಹೊರಗೆ ಅಷ್ಟು ಜನ ಕಾಯ್ತಿದಾರೆ, ಇಲ್ಲೇ ಹಾಕೇ” ಎಂದು ಕುತ್ತಿಗೆಯ ಕಡೆಯಿಂದ ಅಂಗಿ ಜಗ್ಗಿ ಭುಜದ ತುದಿ ತೋರಿಸಿದೆ. ಬೇರೆಯವರಾಗಿದ್ದರೆ ನೀನು ಗದರಿಸುತ್ತಿದ್ದೆ. ಅಕ್ಕನಲ್ಲವೆ, ಹಾಕಿದೆ. ಆಮೇಲೆ “ಇದೇ ಸುಲಭ ಕಣಕ್ಕ, ಬೇಗ ಆಗುತ್ತೆ” ಎಂದು ನಕ್ಕೆ. ಆ ಮಾತು ನೆನಪಾದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ.

ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡುತ್ತಿದ್ದೇನೆ. ಸರಿಹೋಗಬಹುದು ಎಂದಿದ್ದಾರೆ, ಖಂಡಿತ ಎನ್ನಲಿಲ್ಲ. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಮೇಲೆ ಮುನಿಸಿಕೊಂಡರೂ ಪತ್ರ ಬರೆಯುವುದು ಬಿಡಬೇಡ.

ನಿನ್ನ
ಅಕ್ಕ

ತಾ. ಕ.: ಟಪಾಲು ಹೋಗುವ ಹೊತ್ತಾಯಿತು. ನೆನಪಾದರೆ ತುಂಬಿ ಕೊಡಿ ಎಂದು ಡಾಕ್ಟರು ಒಂದು ಫಾರಂ ಕೊಟ್ಟಿದ್ದಾರೆ, ಲಸಿಕೆಯಿಂದಾದ ತೊಂದರೆಯನ್ನು ಮೇಲಿನವರಿಗೆ ತಿಳಿಸಲು. ಲಸಿಕೆ ಹಾಕಿದವರ ಹೆಸರೊಂದನ್ನು ಬಿಟ್ಟು ಎಲ್ಲ ತುಂಬಿ ಇದರ ಜೊತೆಗೇ ಇಟ್ಟಿದ್ದೇನೆ. ನಿನ್ನ ಪಾಠ ಶುರುವಾಗುವುದು ಸೋಮವಾರವಲ್ಲವೆ? ಅಷ್ಟರೊಳಗೆ ಆ ಹೆಸರನ್ನು ನೀನೇ ಬರೆ. ಹರಿದುಹಾಕಿದರೂ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆಮೇಲೆ ಆ ಹುಡುಗಿಯರಿಗೆ ಕಲಿಸಬೇಡ.